ಅಮ್ಮನಿಗೆ ಬಿಪಿ, ಅಪ್ಪನಿಗೆ ಕಿಡ್ನಿ, ಅಡುಗೆ ಒಂದೇ: ಲೋ ಸೋಡಿಯಂ ಉಪ್ಪು ಹಾಕಬಹುದಾ?

ತೀರ್ಥಹಳ್ಳಿ_ಮಗಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಅಮ್ಮನಿಗೆ 64. ಬಿಪಿ ಮಾತ್ರೆ ಶುರುವಾಗಿ ಬಹಳ ವರ್ಷ ಆಯ್ತು, ಆದ್ರೂ ಯಾವಾಗ ನೋಡಿದ್ರೂ 150ರ ಮೇಲೆ. ಅಪ್ಪನಿಗೆ ಹಳೇ ಸಕ್ಕರೆ ಕಾಯಿಲೆ. ಈಚೆಗೆ ಕ್ರಿಯಾಟಿನಿನ್ ಏರ್ತಾ ಇದೆ, ‘ಕಿಡ್ನಿ ಸ್ವಲ್ಪ ವೀಕ್’ ಅಂತ ಹೇಳಿ ಎಳನೀರು, ಬಾಳೆಹಣ್ಣು ಬಿಡಿಸಿದಾರೆ. ಬೆಂಗಳೂರಲ್ಲಿರೋ ಅಣ್ಣ ಯಾವುದೋ ಚೀನಾದ ಸಂಶೋಧನೆ ಓದಿ, ‘ಉಪ್ಪು ಬದಲಾಯಿಸಿದ್ರೆ ಪಾರ್ಶ್ವವಾಯು ಕಡಿಮೆಯಾಗುತ್ತಂತೆ’ ಅಂತ ಲೋ ಸೋಡಿಯಂ ಉಪ್ಪು ಕೊರಿಯರ್ ಮಾಡಿದಾನೆ. ಅಮ್ಮ ಡಬ್ಬಕ್ಕೆ ಸುರಿಯೋಕೆ ಹೊರಟಿದ್ರು, ನಾನೇ ತಡೆದೆ. ನಮ್ಮಲ್ಲಿ ಇಬ್ಬರಿಗೂ ಒಂದೇ ಸಾರು, ಒಂದೇ ಪಲ್ಯ.

ಆ ಸಂಶೋಧನೆ ನಿಜಾನಾ? ನಿಜ ಆದ್ರೆ ನಮ್ಮಂಥ ಮನೇಲಿ ಏನು ಮಾಡೋದು?

ಸುಮ್ನೆ_ಓದೋನು
ಉಪ್ಪೇ ಹಾಕಬೇಡಿ, ಮುಗೀತು.

ಹುಬ್ಬಳ್ಳಿ_ಮಂದಿ
ಮ್ಯಾಲಿನವರಿಗೆ: ನೀವು ಒಂದ್ ದಿನ ಉಪ್ಪಿಲ್ದ ಮುದ್ದಿಪಲ್ಯ ತಿಂದು ತೋರಸ್ರಿ, ಆಮ್ಯಾಲ ಮಾತಾಡೂಣು.

ತಂಗಿ, ನಮ್ಮ ಮನ್ಯಾಗ ಇದನ್ನ ಮಾಡಿ ಬಿಟ್ಟೇವಿ. ನಮ್ಮ ಅತ್ತಿಯವರು ಯಾರದೋ ಮಾತು ಕೇಳಿ ಉಪ್ಪು ಪೂರ್ತಿ ಬಿಟ್ರು. ಬಿಪಿ ಮಾತ್ರಿ ಬ್ಯಾರೆ ನಡದಿತ್ತು, ಮೂತ್ರ ಹೋಗೂ ಮಾತ್ರಿನೂ ಅದರಾಗ ಕೂಡಿತ್ತು. ಸ್ವಲ್ಪ ದಿನಕ್ಕ ಮಾತು ತೊದಲಾಕ ಹತ್ತಿತು, ಮನಿ ಮಂದಿ ಗುರ್ತನ ಸಿಗವಲ್ದು. ಪಾರ್ಶ್ವವಾಯು ಅಂತ ಎಲ್ಲಾರೂ ಅಂಜಿ ದವಾಖಾನಿಗೆ ಒಯ್ದ್ರ, ರಕ್ತದಾಗ ಸೋಡಿಯಂ ಪೂರಾ ಇಳದಿತ್ತು. ಈಗ ಆರಾಮ ಅದಾರ. ಹಂಗಾಗಿ ‘ಉಪ್ಪು ಬಿಡ್ರಿ’ ಅನ್ನೂ ಮಂದೀನ ಕಂಡ್ರ ನನಗ ಸಿಟ್ಟು.

ಡಾ_ಬಯಲುಸೀಮೆ
ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ. ಮೊದಲು ಅಪ್ಪನ ವಿಷಯ: ಅವರಿಗೆ ಆ ಉಪ್ಪು ಬೇಡ. ಇದರಲ್ಲಿ ಚರ್ಚೆ ಇಲ್ಲ.

ಕಾರಣ ಇಷ್ಟು. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರ್ತಾರೆ. ಕಿಡ್ನಿ ಚೆನ್ನಾಗಿದ್ದವರಲ್ಲಿ ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಿಬಿಡುತ್ತೆ. ಕಿಡ್ನಿ ಸೋತಿದ್ರೆ ರಕ್ತದಲ್ಲೇ ಉಳಿದು ಏರುತ್ತೆ. ತುಂಬ ಏರಿದ್ರೆ ಹೃದಯದ ಬಡಿತವೇ ಹದ ತಪ್ಪುತ್ತೆ, ಎಷ್ಟೋ ಸಲ ಮುನ್ಸೂಚನೆ ಕೂಡ ಇರಲ್ಲ. ಎಳನೀರು, ಬಾಳೆಹಣ್ಣು ಬಿಡಿಸಿರೋದು ಯಾಕೆ ಅಂದುಕೊಂಡ್ರಿ? ಇದೇ ಪೊಟ್ಯಾಸಿಯಂಗೆ. ಹಣ್ಣು ಬಿಡಿಸಿ ಅದನ್ನೇ ಸಾರಿಗೆ ಹಾಕಿದ ಹಾಗಾಗುತ್ತೆ.

ಹುಬ್ಬಳ್ಳಿಯವರೇ, ನಿಮ್ಮ ಅತ್ತೆಯವರಿಗೆ ಆದದ್ದು ನಾವು ಆಗಾಗ ನೋಡೋದೇ. ಥಯಾಜೈಡ್ ಜಾತಿಯ ಮೂತ್ರದ ಮಾತ್ರೆ ತಗೊಳ್ಳೋ ವಯಸ್ಸಾದವರು ಊಟ, ಉಪ್ಪು ಎರಡನ್ನೂ ಕಡಿಮೆ ಮಾಡಿದ್ರೆ ಸೋಡಿಯಂ ಇಳಿದುಹೋಗುತ್ತೆ. ಉಪ್ಪು ಕಡಿಮೆ ಮಾಡೋದು ಬೇರೆ, ಉಪ್ಪೇ ಬಿಡೋದು ಬೇರೆ.

ಸೈಂಧವ_ಪ್ರಿಯ
ಇಷ್ಟೆಲ್ಲ ರಾಸಾಯನಿಕ ಯಾಕೆ? ಸೈಂಧವ ಲವಣ ಬಳಸಿ. ನೈಸರ್ಗಿಕ, ಖನಿಜ ಜಾಸ್ತಿ, ಬಿಪಿ ಬರೋದೇ ಇಲ್ಲ. ನಮ್ಮ ಪೂರ್ವಿಕರಿಗೆ ಲ್ಯಾಬ್ ಇರಲಿಲ್ಲ, ಬಿಪಿಯೂ ಇರಲಿಲ್ಲ.

ಗುಳಿಗೆ_ಅಂಗಡಿ
ಬಿಪಿ ಇರಲಿಲ್ಲ ಅಲ್ಲ ಸ್ವಾಮಿ, ಬಿಪಿ ನೋಡೋ ಯಂತ್ರ ಇರಲಿಲ್ಲ.

ಅಂಕಿಅಂಶ_ಅಣ್ಣ
ಸೈಂಧವವೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸೋಡಿಯಂ ಕ್ಲೋರೈಡೇ. ಆ ಗುಲಾಬಿ ಬಣ್ಣ ಕೊಡೋದು ಚೂರುಪಾರು ಕಬ್ಬಿಣ. ಆ ‘ಖನಿಜ’ದಿಂದ ಲಾಭ ಆಗಬೇಕಂದ್ರೆ ಮುಷ್ಟಿಗಟ್ಟಲೆ ಉಪ್ಪು ತಿನ್ನಬೇಕು. ಅದೂ ಅಲ್ಲದೆ ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರಲ್ಲ.

ಇನ್ನು ಅಣ್ಣ ಓದಿದ ಸಂಶೋಧನೆ. ಅದು ನಿಜ, ಸಣ್ಣದೂ ಅಲ್ಲ. 2021ರಲ್ಲಿ ಪ್ರಕಟವಾಯ್ತು. ಉತ್ತರ ಚೀನಾದ 600 ಹಳ್ಳಿ, 20,995 ಜನ. ಎಲ್ಲರೂ ಒಮ್ಮೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರೋ ಉಪ್ಪನ್ನ ಪುಕ್ಕಟೆ ಹಂಚಿದ್ರು. ಉಳಿದ ಹಳ್ಳಿಯವರು ಮನೇಲಿ ಯಾವುದಿತ್ತೋ ಅದನ್ನೇ ಬಳಸಿದ್ರು. ಹತ್ತಿರ ಹತ್ತಿರ ಐದು ವರ್ಷ ನೋಡಿದ್ರು. ಪಾರ್ಶ್ವವಾಯು ಶೇ. 14, ಸಾವು ಶೇ. 12 ಕಡಿಮೆ.

ಶೇಕಡಾ ಅಂದ ಕೂಡಲೇ ಹಾರಬೇಡಿ. ಮಾಮೂಲಿ ಉಪ್ಪಿನ ಹಳ್ಳಿಗಳಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ 33.65 ಪಾರ್ಶ್ವವಾಯು, ಹೊಸ ಉಪ್ಪಿನ ಹಳ್ಳಿಗಳಲ್ಲಿ 29.14. ಅಂದ್ರೆ ಸಾವಿರ ಜನರಲ್ಲಿ ವರ್ಷಕ್ಕೆ ನಾಲ್ಕೈದು ಪಾರ್ಶ್ವವಾಯು ತಪ್ಪಿತು. ನಿಮ್ಮ ಅಮ್ಮನೊಬ್ಬರಿಗೆ ಇದರಿಂದ ಕಣ್ಣಿಗೆ ಕಾಣೋ ವ್ಯತ್ಯಾಸ ಆಗದೇ ಇರಬಹುದು. ಇಡೀ ಜಿಲ್ಲೆಗೆ ಲೆಕ್ಕ ಹಾಕಿದ್ರೆ ಬಹಳ ದೊಡ್ಡದು.

ಕರಾವಳಿ_ಕಣ್ಣು
ಕಿಡ್ನಿ ತೊಂದರೆ ಇದ್ದವರಿಗೂ ಕೊಟ್ಟಿದ್ರಾ ಅದರಲ್ಲಿ?

ಅಂಕಿಅಂಶ_ಅಣ್ಣ
ಇಲ್ಲ, ಅದೇ ಮುಖ್ಯ. ತೀವ್ರ ಕಿಡ್ನಿ ಕಾಯಿಲೆ ಇರೋದು ಗೊತ್ತಿದ್ದವರನ್ನ, ಪೊಟ್ಯಾಸಿಯಂ ಉಳಿಸೋ ಮೂತ್ರದ ಮಾತ್ರೆ ತಗೊಳ್ಳೋರನ್ನ ಮೊದಲೇ ಹೊರಗಿಟ್ಟಿದ್ರು. ಹಾಗಾಗಿ ‘ಪೊಟ್ಯಾಸಿಯಂ ಏರಿ ತೊಂದರೆ ಆದದ್ದು ಹೆಚ್ಚೇನಿಲ್ಲ’ ಅನ್ನೋ ಅವರ ಮಾತು ಆ ಜನಕ್ಕೆ ಮಾತ್ರ ಅನ್ವಯ. ಪತ್ರಿಕೆಯವರು ಈ ಸಾಲು ಬಿಟ್ಟು ಉಳಿದದ್ದೆಲ್ಲ ಹಾಕ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪಿನ ಬಗ್ಗೆ ಮಾರ್ಗಸೂಚಿ ತಂದಿದೆ. ಮನೆ ಅಡುಗೆಗೆ ಬಳಸಬಹುದು ಅಂತಲೇ ಇದೆ, ಆದರೆ ಷರತ್ತಿನ ಶಿಫಾರಸು. ಗರ್ಭಿಣಿಯರು, ಮಕ್ಕಳು, ಕಿಡ್ನಿ ತೊಂದರೆ ಇದ್ದವರು ಅದರಲ್ಲಿ ಸೇರಿಲ್ಲ.

ಶಂಕೆ_ಶಂಕ್ರಪ್ಪ
ಇದನ್ನೆಲ್ಲ ಯಾರು ಮಾಡಿಸ್ತಾರೆ? ಉಪ್ಪಿನ ಕಂಪನಿಯವರು. ಮಾಮೂಲಿ ಉಪ್ಪಿಗಿಂತ ದುಪ್ಪಟ್ಟು ರೇಟು. ಇವತ್ತು ಒಂದು ಹೇಳ್ತಾರೆ, ನಾಳೆ ಇನ್ನೊಂದು. ನಮ್ಮ ಮಾವನಿಗೆ ವರ್ಷಗಟ್ಟಲೆ ದಿನಾ ಆಸ್ಪಿರಿನ್ ನುಂಗಿಸಿದ್ರು, ಹೃದಯಕ್ಕೆ ಒಳ್ಳೇದು ಅಂತ. ಆಮೇಲೆ ಬೇರೆ ಡಾಕ್ಟರ್ ‘ಇದ್ಯಾಕೆ ತಗೋತಿದೀರಿ’ ಅಂದ್ರು.

ಮತ್ತೆ ಉಪ್ಪು ಕಡಿಮೆ ತಿಂದವರಲ್ಲೂ ಸಾವು ಜಾಸ್ತಿ ಅಂತ 2014ರಲ್ಲಿ ಒಂದು ದೊಡ್ಡ ಅಧ್ಯಯನ ಬಂದಿತ್ತಲ್ಲ? ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ರು. ಅದನ್ನ ಯಾಕೆ ಯಾರೂ ಎತ್ತಲ್ಲ?

ಅಂಕಿಅಂಶ_ಅಣ್ಣ
ಎತ್ತೋಣ, ಬನ್ನಿ. ಅದು ಪ್ಯೂರ್ ಅಧ್ಯಯನ. ದೊಡ್ಡದೇ, ಒಳ್ಳೇದೇ. ಜಗಳ ಇರೋದು ಉಪ್ಪನ್ನ ಅಳೆದ ರೀತಿ ಮೇಲೆ. ಬೆಳಗಿನ ಒಂದು ಸಲದ ಮೂತ್ರ ತಗೊಂಡು, ಸೂತ್ರ ಹಾಕಿ ಇಡೀ ದಿನದ ಉಪ್ಪು ಅಂದಾಜು ಮಾಡಿದ್ರು. ನೀವು ಹಿಂದಿನ ರಾತ್ರಿ ಮದುವೆ ಊಟ ಮಾಡಿದ್ರೋ ಗಂಜಿ ಕುಡಿದ್ರೋ ಅನ್ನೋದರ ಮೇಲೆ ಆ ಲೆಕ್ಕ ಏರುಪೇರು. ಇನ್ನೊಂದು, ಕಾಯಿಲೆ ಬಿದ್ದವರು ಊಟ ಕಡಿಮೆ ಮಾಡ್ತಾರೆ, ಊಟದ ಜೊತೆ ಉಪ್ಪೂ ಕಡಿಮೆ ಆಗುತ್ತೆ. ಸತ್ತದ್ದು ಉಪ್ಪು ಕಡಿಮೆಯಾಗಿಯೋ ಕಾಯಿಲೆಯಿಂದಲೋ? 2022ರಲ್ಲಿ ಆರು ಅಧ್ಯಯನ ಒಟ್ಟು ಮಾಡಿ, ಹಲವು ಸಲ 24 ಗಂಟೆ ಮೂತ್ರ ಹಿಡಿದು ಅಳೆದ 10,709 ಜನರ ಲೆಕ್ಕ ಬಂತು. ಅದರಲ್ಲಿ ಸೋಡಿಯಂ ಏರಿದ ಹಾಗೆಲ್ಲ ಹೃದಯದ ತೊಂದರೆಯೂ ಏರಿದೆ.

ಹಣದ ಬಗ್ಗೆ: ಚೀನಾ ಹಳ್ಳಿಗಳ ಅಧ್ಯಯನಕ್ಕೆ ಮುಖ್ಯವಾಗಿ ದುಡ್ಡು ಕೊಟ್ಟಿದ್ದು ಆಸ್ಟ್ರೇಲಿಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ. ಉಪ್ಪಿನ ಕಂಪನಿಯಲ್ಲ.

ಡಾ_ಬಯಲುಸೀಮೆ
ಶಂಕ್ರಪ್ಪನವರ ಆಸ್ಪಿರಿನ್ ಉದಾಹರಣೆ ಒಳ್ಳೇದೇ, ಆದರೆ ಅದು ಅವರ ವಾದಕ್ಕೇ ವಿರುದ್ಧ ಹೋಗುತ್ತೆ. 2018ರಲ್ಲಿ ಆಸ್ಟ್ರೇಲಿಯಾ, ಅಮೆರಿಕದ 19,114 ಆರೋಗ್ಯವಂತ ವೃದ್ಧರ ಮೇಲೆ ಪರೀಕ್ಷೆ ಮಾಡಿ, ಹೃದ್ರೋಗ ಇಲ್ಲದವರಿಗೆ ದಿನಾ ಆಸ್ಪಿರಿನ್ ಕೊಟ್ರೆ ಲಾಭ ಇಲ್ಲ, ರಕ್ತಸ್ರಾವ ಜಾಸ್ತಿ ಅಂತ ತೋರಿಸಿದ್ರು. ಪುಡಿಗಾಸಿನ ಮಾತ್ರೆ ಅದು, ಬೇಡ ಅಂತ ಹೇಳೋದ್ರಿಂದ ಯಾವ ಕಂಪನಿಗೆ ಲಾಭ? ಹಳೇ ನಂಬಿಕೆ ತಪ್ಪು ಅಂತ ತೋರಿಸಿದ್ದೂ ಸಂಶೋಧನೆಯೇ.

ಹಾಗಂತ ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತ ಆದವರು ಇದನ್ನ ಓದಿ ಆಸ್ಪಿರಿನ್ ನಿಲ್ಲಿಸಬೇಡಿ. ಅವರ ಕಥೆ ಬೇರೆ.

ಶಂಕೆ_ಶಂಕ್ರಪ್ಪ
ಸರಿ ಡಾಕ್ಟ್ರೇ, ಆದ್ರೂ ಮಾತ್ರೆ ಮಾರೋಕೆ ಬಾರದ ಸಂಶೋಧನೆಗೆ ದುಡ್ಡು ಹಾಕೋರು ಎಷ್ಟು ಜನ? ಒಂದು ತೋರಿಸಿ.

ಕರಾವಳಿ_ಕಣ್ಣು
ಒಂದು ತೋರಿಸ್ತೇನೆ. ನಮ್ಮ ಮಂಗಳೂರಿನದ್ದೇ. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಕ್ಷಯದ 2,800 ರೋಗಿಗಳು, ಅವರ ಮನೆಯ 10,345 ಜನರ ಮೇಲೆ ಕೆಲಸ ಮಾಡಿತು. ರೋಗಿಗಳಿಗೆಲ್ಲ ಔಷಧಿ ಜೊತೆ ತಿಂಗಳಿಗೆ ಹತ್ತು ಕಿಲೋ ಆಹಾರ. ಅರ್ಧ ಮನೆಗಳಲ್ಲಿ ಉಳಿದವರಿಗೂ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇ. 39 ಕಡಿಮೆ, ಹರಡುವಂಥ ಶ್ವಾಸಕೋಶದ ಕ್ಷಯ ಶೇ. 48 ಕಡಿಮೆ. 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಕ್ಕಿ ಬೇಳೆಯನ್ನ ಯಾವ ಕಂಪನಿ ಪೇಟೆಂಟ್ ಮಾಡಿದೆ ಮಾರಾಯ್ರೆ?

ಶಂಕೆ_ಶಂಕ್ರಪ್ಪ
ಇದು ಗೊತ್ತಿರಲಿಲ್ಲ. ಹೊಟ್ಟೆಗಿಲ್ಲದವನಿಗೆ ರೋಗ ಬೇಗ ಹತ್ತುತ್ತೆ ಅಂತ ನಮ್ಮಜ್ಜಿಗೂ ಗೊತ್ತಿತ್ತು, ಅದಕ್ಕೆ ಹತ್ತು ಸಾವಿರ ಜನ ಬೇಕಿತ್ತಾ?

ಕರಾವಳಿ_ಕಣ್ಣು
ಅಜ್ಜಿಗೆ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಾಗಬೇಕಲ್ಲ! ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡ್ತಿದ್ರು. 2024ರ ನವೆಂಬರಿನಿಂದ ಸಾವಿರ ಮಾಡಿದ್ರು. ಅಂಕಿ ಮುಂದಿಟ್ಟು ಕೇಳುವುದಕ್ಕೂ ಸುಮ್ಮನೆ ಕೇಳುವುದಕ್ಕೂ ವ್ಯತ್ಯಾಸ ಉಂಟು.

ನಿರ್ವಾಹಕ
ಕ್ಷಯದ ಬಗ್ಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಉಪ್ಪು, ಬಿಪಿ.

ಕುಮಟಾ_ಕಡಲು
ಉಪ್ಪು ಅಂದಮೇಲೆ ನಾನು ಬಾರದೆ ಇರಲಿಕ್ಕೆ ಆಗ್ತದಾ. ನಮ್ಮ ಸಾಣಿಕಟ್ಟೆಯ ಉಪ್ಪು ಒಮ್ಮೆ ತಿಂದು ನೋಡಿ, ಪ್ಯಾಕೆಟಿನ ಬಿಳಿ ಪುಡಿ ಬೇಡ ಅನ್ಸ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ನೆಲ ಇದು. ಅಪ್ಪೆಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪೇ ಆಗಬೇಕು. ಆ ಲೋ ಸೋಡಿಯಂ ಹಾಕಿ ಮಿಡಿ ಹಾಳು ಮಾಡಬೇಡಿ.

ಡಾ_ಬಯಲುಸೀಮೆ
ರುಚಿಗೆ ಒಪ್ಪಿದೆ. ಬಿಪಿಗೆ ಕಲ್ಲುಪ್ಪು, ಪುಡಿಯುಪ್ಪು, ಸೈಂಧವ ಎಲ್ಲ ಒಂದೇ. ಮತ್ತೆ ಅಯೋಡಿನ್ ಮರೀಬೇಡಿ. 1956ರಿಂದ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ ಬರೀ ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ಇಳಿಸಿ ತೋರಿಸಿದ ದೇಶ ನಮ್ಮದು.

ಗುಳಿಗೆ_ಅಂಗಡಿ
ಎಲ್ಲರೂ ಉಪ್ಪಿನ ಹಿಂದೆ ಬಿದ್ದಿದ್ದೀರಿ, ನನಗೆ ಬೇರೆ ಅನುಮಾನ. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೀನಿ. ಮಾತ್ರೆ ನುಂಗ್ತಾ ಇದ್ರೂ ಬಿಪಿ 150 ಇಳೀತಿಲ್ಲ ಅಂತ ಬರೋ ಅಮ್ಮಂದಿರಿಗೆ ನಾನು ಕೇಳೋ ಮೊದಲ ಪ್ರಶ್ನೆ: ಮಂಡಿನೋವಿಗೆ ಏನು ತಗೋತೀರಿ? ಹತ್ತರಲ್ಲಿ ಐದಾರು ಜನ ಚೀಲದಿಂದ ಒಂದು ಸ್ಟ್ರಿಪ್ ತೆಗೀತಾರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿದು. ಚೀಟಿ ಇಲ್ಲದೆ ಕೊಡಬಾರದು, ಆದ್ರೂ ಎಲ್ಲೋ ಸಿಗುತ್ತೆ.

ತೀರ್ಥಹಳ್ಳಿ ಅಕ್ಕಾ, ನಿಮ್ಮಮ್ಮನಿಗೆ ಮಂಡಿನೋವು ಇದೆಯಾ?

ತೀರ್ಥಹಳ್ಳಿ_ಮಗಳು
ಅಯ್ಯೋ. ಇದೆ. ತೋಟದಿಂದ ಬಂದು ಸಂಜೆ ಒಂದು ಮಾತ್ರೆ ತಗೊಳ್ಳೋದು ಅವರಿಗೆ ಕಾಫಿ ಕುಡಿದ ಹಾಗೆ. ಪೇಟೆಗೆ ಹೋದವರ ಕೈಲಿ ತರಿಸ್ತಾರೆ. ಬಿಪಿಗೂ ಅದಕ್ಕೂ ಏನು ಸಂಬಂಧ? ಕೆಲವೊಮ್ಮೆ ಅಪ್ಪನಿಗೂ ಅದನ್ನೇ ಕೊಡ್ತಾರೆ, ಸೊಂಟ ಹಿಡಿದಾಗ.

ಡಾ_ಬಯಲುಸೀಮೆ
ಅಪ್ಪನಿಗೆ ಇವತ್ತಿಂದಲೇ ನಿಲ್ಲಿಸಿ. ಉಪ್ಪಿಗಿಂತ ಇದು ಅರ್ಜೆಂಟು.

ಆ ಜಾತಿಯ ನೋವಿನ ಮಾತ್ರೆ ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತೆ, ಬಿಪಿ ಏರುತ್ತೆ, ಎಷ್ಟೋ ಬಿಪಿ ಮಾತ್ರೆಗಳ ಕೆಲಸವನ್ನೂ ಕೆಡಿಸುತ್ತೆ. ಕಿಡ್ನಿಗೆ ಹೋಗೋ ರಕ್ತ ಕಡಿಮೆ ಮಾಡುತ್ತೆ. ಸಕ್ಕರೆ ಕಾಯಿಲೆ, ಏರ್ತಿರೋ ಕ್ರಿಯಾಟಿನಿನ್, ಮೇಲೆ ಈ ಮಾತ್ರೆ ಅಂದ್ರೆ ಕಿಡ್ನಿ ಬೇಗ ಕೈಕೊಡುತ್ತೆ. ಪೊಟ್ಯಾಸಿಯಂ ಕೂಡ ಏರಿಸುತ್ತೆ. ನೋವಿಗೆ ಏನು ತಗೊಳ್ಳಬೇಕು ಅಂತ ಅವರ ಡಾಕ್ಟರನ್ನೇ ಕೇಳಿ, ಬೇರೆ ದಾರಿ ಇದೆ.

ಅಮ್ಮನ ಬಿಪಿ ಮಾತ್ರೆ ಹೆಸರೇನು?

ತೀರ್ಥಹಳ್ಳಿ_ಮಗಳು
ಟೆಲ್ಮಿಸಾರ್ಟನ್ 40. ಬೆಳಿಗ್ಗೆ ತಗೊಳ್ತಿದ್ರು, ಪಕ್ಕದ ಮನೆಯವರು ರಾತ್ರಿ ತಗೊಂಡ್ರೆ ಒಳ್ಳೇದು ಅಂದಮೇಲೆ ಈಗ ರಾತ್ರಿ. ಆಗಾಗ ಮರೆತು ಮಲಗಿಬಿಡ್ತಾರೆ.

ಲೀಡ್ಸ್_ನರ್ಸಮ್ಮ
ಇದಕ್ಕೆ ನಾನು ಉತ್ತರ ಕೊಡ್ತೀನಿ, ನಾನೀಗ ಇರೋ ಕಡೆಯದೇ ಸಂಶೋಧನೆ. ಮೂಲ ಚಿಕ್ಕಮಗಳೂರು, ಈಗ ಇಂಗ್ಲೆಂಡಲ್ಲಿ ನರ್ಸ್.

2019ರಲ್ಲಿ ಸ್ಪೇನಿನವರು ‘ಬಿಪಿ ಮಾತ್ರೆ ರಾತ್ರಿ ತಗೊಂಡ್ರೆ ಹೃದಯದ ತೊಂದರೆ ಶೇ. 45 ಕಡಿಮೆ’ ಅಂತ ಹಾಕಿದ್ರು. ಪ್ರಪಂಚದಲ್ಲೆಲ್ಲ ಸುದ್ದಿ. ಇಲ್ಲೂ ಬಂದವರೆಲ್ಲ ‘ಸಿಸ್ಟರ್, ರಾತ್ರಿಗೆ ಬದಲಾಯಿಸಿಕೊಳ್ಳಲಾ’ ಅಂತ ಕೇಳೋರು. ಅಷ್ಟು ದೊಡ್ಡ ಲಾಭ ಹೇಗೆ ಸಾಧ್ಯ ಅಂತ ಎಷ್ಟೋ ತಜ್ಞರಿಗೆ ಅನುಮಾನ. 2022ರಲ್ಲಿ ಬ್ರಿಟನ್ನಿನಲ್ಲಿ 21,104 ಜನರ ಮೇಲೆ ಮಾಡಿದ ಅಧ್ಯಯನ ಬಂತು: ಹೃದಯಾಘಾತ, ಪಾರ್ಶ್ವವಾಯು, ಹೃದಯ ಅಥವಾ ರಕ್ತನಾಳದ ತೊಂದರೆಯಿಂದ ಸಾವು ಎಲ್ಲ ಸೇರಿ ರಾತ್ರಿ ಗುಂಪಿನಲ್ಲಿ ಶೇ. 3.4, ಬೆಳಗಿನ ಗುಂಪಿನಲ್ಲಿ ಶೇ. 3.7. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಯಾವಾಗ ಮರೆಯಲ್ಲವೋ ಆವಾಗ ತಗೊಳ್ಳಿ. ನಿಮ್ಮಮ್ಮನಿಗೆ ಅದು ಬೆಳಿಗ್ಗೆ ಅನ್ಸುತ್ತೆ.

ಸೈಂಧವ_ಪ್ರಿಯ
ನೋಡಿದ್ರಾ, ಅವರವರಲ್ಲೇ ಒಮ್ಮತ ಇಲ್ಲ.

ಲೀಡ್ಸ್_ನರ್ಸಮ್ಮ
ಒಮ್ಮತ ಇಲ್ಲದಾಗ ಇನ್ನೊಂದು ಸಲ ಪರೀಕ್ಷೆ ಮಾಡಿದ್ರು ಸರ್. ಸೈಂಧವದ ಬಗ್ಗೆ ಒಂದು ಸಲವಾದ್ರೂ ಮಾಡಿಸಿ, ನಾನೇ ಓದ್ತೀನಿ.

ಡಾ_ಬಯಲುಸೀಮೆ
ಟೆಲ್ಮಿಸಾರ್ಟನ್ ತಾನೇ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತೆ. ಅದಕ್ಕೆ ಅಮ್ಮನಿಗೂ ಈ ಉಪ್ಪು ಕೊಡೋ ಮೊದಲು ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಸರಿಯಾಗಿದ್ರೆ ಕೊಡಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಲೆಕ್ಕ ಬೇಕಾದ್ರೆ: ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರೋ ಉಪ್ಪು ದಿನಕ್ಕೆ ಐದು ಗ್ರಾಂ ತಿಂದ್ರೆ ಸುಮಾರು 650 ಮಿಲಿಗ್ರಾಂ ಪೊಟ್ಯಾಸಿಯಂ. ಒಂದೂವರೆ ಪಚ್ಚಬಾಳೆಹಣ್ಣಿನಷ್ಟು. ಪ್ಯಾಕೆಟಿನಿಂದ ಪ್ಯಾಕೆಟಿಗೆ ಪ್ರಮಾಣ ಬೇರೆ ಇರುತ್ತೆ, ಹಿಂದೆ ಬರೆದಿರೋದು ಓದಿ.

ಆದ್ರೆ ನಿಮ್ಮ ಮನೆಗೆ ನನ್ನ ಸಲಹೆ ಬೇರೆ. ಒಂದೇ ಒಲೆ, ಎರಡು ಉಪ್ಪು ನಡೆಯಲ್ಲ, ಯಾವತ್ತೋ ಒಂದು ದಿನ ಡಬ್ಬ ಅದಲುಬದಲಾಗುತ್ತೆ. ಆ ಉಪ್ಪನ್ನ ಮನೆಗೇ ಸೇರಿಸಬೇಡಿ. ಮಾಮೂಲಿ ಉಪ್ಪನ್ನೇ ಇಬ್ಬರಿಗೂ ಕಡಿಮೆ ಮಾಡಿ. ತಲೆಗೆ ದಿನಕ್ಕೆ ಐದು ಗ್ರಾಂ ಒಳಗೆ, ಅಂದ್ರೆ ಹೆಚ್ಚೂಕಡಿಮೆ ಒಂದು ಟೀ ಚಮಚ. ಅದರಲ್ಲೇ ಉಪ್ಪಿನಕಾಯಿ, ಹಪ್ಪಳ ಎಲ್ಲ ಬಂತು.

ಹುಬ್ಬಳ್ಳಿ_ಮಂದಿ
ಡಾಕ್ಟರ್ ಸಾಹೇಬ್ರ, ಒಂದ್ ಚಮಚ ಅಂತ ಹೇಳೂದು ಸೋವಿ. ಅಡಗಿ ಮಾಡಾವ್ರು ಚಮಚಲೆ ಹಾಕೂದಿಲ್ಲ, ಕೈಲೆ ಹಾಕ್ತಾರ. ನಮ್ಮ ಮನ್ಯಾಗ ಮಾಡಿದ್ದು ಹಿಂಗ: ತಿಂಗಳಿಗೆ ಎಷ್ಟು ಉಪ್ಪು ಬೇಕೋ ತೂಗಿ ಬ್ಯಾರೆ ಡಬ್ಬಿಗೆ ಹಾಕಿ ಇಟ್ವಿ. ನಾಕು ಮಂದಿಗೆ ಆರು ನೂರು ಗ್ರಾಂ. ಮೊದಲ ತಿಂಗಳ ಅರ್ಧಕ್ಕ ಡಬ್ಬಿ ಖಾಲಿ! ಎಷ್ಟು ತಿಂತಿದ್ವಿ ಅಂತ ಅವಾಗ ತಿಳೀತು. ರೊಟ್ಟಿ ಜೋಡಿ ಚಟ್ನಿಪುಡಿ, ಅದರಾಗ ಒಂದ್ ಹೊರಿ ಉಪ್ಪು.

ಅಂಕಿಅಂಶ_ಅಣ್ಣ
ಇದು ಇಲ್ಲಿವರೆಗೆ ಬಂದ ಉತ್ತಮ ಸಲಹೆ. ಇಂಗ್ಲೆಂಡ್, ಅಮೆರಿಕದಲ್ಲಿ ಉಪ್ಪಿನ ಬಹುಪಾಲು ಬರೋದು ಕಾರ್ಖಾನೆಯ ಬ್ರೆಡ್, ಸಾಸ್, ಪ್ಯಾಕೆಟ್ ತಿಂಡಿಯಿಂದ. ಮನೆ ಡಬ್ಬ ಬದಲಾಯಿಸಿ ಅಲ್ಲಿ ಹೆಚ್ಚು ಪ್ರಯೋಜನ ಇಲ್ಲ. ಚೀನಾದ ಹಳ್ಳಿ, ನಮ್ಮ ಹಳ್ಳಿಗಳಲ್ಲಿ ಅದು ಮನೆಯವರ ಕೈಯಿಂದಲೇ ಬೀಳುತ್ತೆ. ಆ ಅಧ್ಯಯನ ಅಲ್ಲಿ ಫಲ ಕೊಟ್ಟಿದ್ದಕ್ಕೆ ಅದೂ ಕಾರಣ.

ಲೀಡ್ಸ್_ನರ್ಸಮ್ಮ
ಮನೇಲಿ ಬಿಪಿ ಹೇಗೆ ನೋಡ್ತೀರಿ? ಅಡುಗೆ ಮನೆಯಿಂದ ಎದ್ದು ಬಂದ ಕೂಡಲೇ ಪಟ್ಟಿ ಕಟ್ಟಿದ್ರೆ 150 ಬರದೆ ಇನ್ನೇನು. ಐದು ನಿಮಿಷ ಸುಮ್ಮನೆ ಕೂರಲಿ, ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಎದೆ ಮಟ್ಟದಲ್ಲಿ, ಮಾತು ಬೇಡ. ಕೊನೇದು ಕಷ್ಟ, ಗೊತ್ತು.

ಸುಮ್ನೆ_ಓದೋನು
ನಮ್ಮಮ್ಮನಿಗೆ ಕೊನೇದು ಸಾಧ್ಯವೇ ಇಲ್ಲ.

ತೀರ್ಥಹಳ್ಳಿ_ಮಗಳು
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ‘ನನ್ನಿಂದಾಗಿ ಅವಳಿಗೆ ಒಳ್ಳೇ ಉಪ್ಪು ತಪ್ಪಿತು’ ಅಂದ್ರು. ‘ನಂಗೆ ಆ ಕಹಿ ಉಪ್ಪು ಯಾರಿಗೆ ಬೇಕು’ ಅಂತ ಅಮ್ಮ. ಅಂದ್ರೆ ಆಗಲೇ ರುಚಿ ನೋಡಿಯಾಗಿದೆ! ನೋವಿನ ಮಾತ್ರೆ ಡಬ್ಬದಿಂದ ತೆಗೆದಿಟ್ಟೆ, ಅಮ್ಮನ ಮುಖ ದಪ್ಪ ಆಗಿದೆ. ಸೋಮವಾರ ಇಬ್ಬರನ್ನೂ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀನಿ. ಏನೇನು ಟೆಸ್ಟ್ ಕೇಳಲಿ?

ಡಾ_ಬಯಲುಸೀಮೆ
ಇಬ್ಬರಿಗೂ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ. ಅಪ್ಪನಿಗೆ ಮೂತ್ರದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೋಗ್ತಿದೆಯಾ ಅಂತಲೂ ನೋಡಿಸಿ. ಕಿಡ್ನಿ ‘ಸ್ವಲ್ಪ ವೀಕ್’ ಅಂದ್ರೆ ಎಷ್ಟು ಅಂತ ಕೇಳಿ, ಅಂಕಿಯಲ್ಲೇ ಹೇಳ್ತಾರೆ. ನೋವಿನ ಮಾತ್ರೆ ಬಿಟ್ಟಮೇಲೆ ಬಿಪಿ ಎಷ್ಟಕ್ಕೆ ನಿಲ್ಲುತ್ತೆ ನೋಡಿ ಆಮೇಲೆ ಮಾತ್ರೆ ಹೆಚ್ಚಿಸೋದು, ಎರಡನೇದು ಸೇರಿಸೋದು ಅವರಿಗೆ ಬಿಡಿ.

ಗುಳಿಗೆ_ಅಂಗಡಿ
ಹೋಗುವಾಗ ಮನೇಲಿರೋ ಎಲ್ಲ ಮಾತ್ರೆ, ಕಷಾಯ ಪುಡಿ, ನೋವಿನೆಣ್ಣೆ ಸಮೇತ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ. ‘ಒಂದು ಬಿಳಿ ಮಾತ್ರೆ, ಒಂದು ಹಳದಿ ಮಾತ್ರೆ’ ಅಂದ್ರೆ ಯಾವ ಡಾಕ್ಟರಿಗೂ ಗೊತ್ತಾಗಲ್ಲ. ದಿಂಬಿನ ಕೆಳಗೂ ಒಂದು ಸಲ ನೋಡಿ ಅಕ್ಕಾ.